ಗೊರವಂಕ ಹೇಳದೆ ಬಿಟ್ಟ ಮಾತು

ಮಕ್ಕಳೇ, ಒಂದು ದೊಡ್ಡ ಕೆರೆಯ ಸುತ್ತ ಕಣ್ಣು ಹಾಯುವಷ್ಟು ದೂರ ಹುಲ್ಲುಗಾವಲಿತ್ತು. ಈಚೆ ದಡದಲ್ಲಿ ಒಂದು ಚಿಗರೆ ಹಿಂಡು ಮೇಯುತ್ತಿತ್ತು, ಆಚೆ ದಡದಲ್ಲಿ ಇನ್ನೊಂದು. ವರ್ಷಕ್ಕೊಮ್ಮೆ, ಹುಲ್ಲು ಒಣಗುವ ಮೊದಲು, ಎರಡು ಹಿಂಡುಗಳ ನಡುವೆ ಓಟದ ಪಂದ್ಯ ನಡೆಯುತ್ತಿತ್ತು. ಕೆರೆಗೆ ಒಂದು ಸುತ್ತು ಹಾಕಿ ಮೊದಲು ಬಂದವರು ಗೆದ್ದಂತೆ.

ಈಚೆ ದಡದ ಜಾಲಿಮರದಲ್ಲಿ ಶೀನಪ್ಪ ಎಂಬ ಗೊರವಂಕ ಹಕ್ಕಿ ಇದ್ದ. ಮೊದಲು ಮೂರು ವರ್ಷ ಪೇಟೆಯಲ್ಲಿ, ಮೊಬೈಲ್ ರಿಪೇರಿ ಅಂಗಡಿಯ ಸೂರಿನಲ್ಲಿ ಗೂಡು ಕಟ್ಟಿಕೊಂಡಿದ್ದವನು. ಪಕ್ಕದ ಚಹಾದಂಗಡಿಯಲ್ಲಿ ದಿನವಿಡೀ ಟಿವಿ ಓಡುತ್ತಿತ್ತು. ಹೀಗಾಗಿ ಅವನಿಗೆ ಯಂತ್ರಗಳ ಮೇಲೂ ಆಟಗಳ ಮೇಲೂ ಒಂದೊಂದು ಖಡಾಖಂಡಿತ ಅಭಿಪ್ರಾಯವಿತ್ತು.

"ಮೇಜಿನ ಮೇಲಿಡುವ ಕಂಪ್ಯೂಟರ್ ಮುದುಕರಿಗೆ. ಬುದ್ಧಿ ಇದ್ದವನು ಲ್ಯಾಪ್‌ಟಾಪ್ ಇಟ್ಟುಕೊಳ್ಳುತ್ತಾನೆ," ಎನ್ನುತ್ತಿದ್ದ. "ಐದು ದಿನದ ಕ್ರಿಕೆಟ್ ಆಟವಲ್ಲ, ನಿದ್ದೆ," ಎನ್ನುತ್ತಿದ್ದ.

ಹುಲ್ಲುಗಾವಲಿನಲ್ಲಿ ಯಾರೂ ಕಂಪ್ಯೂಟರನ್ನೇ ನೋಡಿರಲಿಲ್ಲ. ಆದ್ದರಿಂದ ಯಾರೂ ಎದುರು ಮಾತಾಡುತ್ತಿರಲಿಲ್ಲ. ಅವರೆಲ್ಲ ಸುಮ್ಮನಿರುವುದನ್ನು ಶೀನಪ್ಪ ಒಪ್ಪಿಗೆ ಎಂದುಕೊಂಡಿದ್ದ.

ಅವನಿಗೆ ಒಬ್ಬ ಆಪ್ತ ಗೆಳೆಯನಿದ್ದ, ಕೆಂಚ ಎಂಬ ಚಿಗರೆ. ಈಚೆ ದಡದಲ್ಲಿ ಅವನಷ್ಟು ವೇಗವಾಗಿ ಓಡುವವರು ಬೇರೆ ಇರಲಿಲ್ಲ. ಎರಡು ವರ್ಷ ಸತತವಾಗಿ ಅವನೇ ಗೆದ್ದಿದ್ದ. ಕೆಂಚನದು ಮಾತು ಕಡಿಮೆ. ಶೀನಪ್ಪನ ಮಾತೆಂದರೆ ಅವನಿಗೆ ಬಹಳ ನಂಬಿಕೆ.

ಆ ವರ್ಷ ಪಂದ್ಯಕ್ಕೆ ತಿಂಗಳಿರುವಾಗ, ಕೆರೆ ನೋಡಲು ಬಂದ ಯಾರೋ ಪೇಟೆಯವರು ಕೈಗೆ ಕಟ್ಟುವ ಒಂದು ಪಟ್ಟಿಯನ್ನು ಹುಲ್ಲಿನಲ್ಲಿ ಬೀಳಿಸಿಕೊಂಡು ಹೋದರು. ಅದರಲ್ಲಿ ಒಂದು ಪುಟ್ಟ ದೀಪ, ಪಕ್ಕದಲ್ಲಿ ಅಂಕಿ ಮೂಡುವ ಗಾಜು. ಶೀನಪ್ಪ ಕಂಡ ಕೂಡಲೇ ಗುರುತು ಹಿಡಿದ.

"ಇದು ಎದೆಬಡಿತ ಎಣಿಸುತ್ತದೆ. ಮೈ ಸರಿಯಿದ್ದರೆ ಹಸಿರು ದೀಪ, ದಣಿದಿದ್ದರೆ ಕೆಂಪು. ಬಿಸಿಲಿನಿಂದಲೇ ಚಾರ್ಜ್ ಆಗುತ್ತದೆ. ದೊಡ್ಡ ದೊಡ್ಡ ಆಟಗಾರರೆಲ್ಲ ಇದನ್ನು ಕೇಳಿಯೇ ಮೈದಾನಕ್ಕೆ ಇಳಿಯುವುದು," ಎಂದು ಹಿಂಡಿನ ನಡುವೆ ಸಾರಿದ.

ಪಟ್ಟಿ ರಬ್ಬರಿನಂತೆ ಹಿಗ್ಗುತ್ತಿತ್ತು. ಕೆಂಚ ಮುಂಗಾಲು ತೂರಿಸಿಕೊಂಡ. ದೀಪ ಹಸಿರಾಯಿತು. ಹಿಂಡಿಗೆ ಹಿಂಡೇ ಬೆರಗಾಯಿತು.

ಕೆರೆಯಂಚಿನಲ್ಲಿ ತಿಪ್ಪವ್ವ ಎಂಬ ಟಿಟ್ಟಿಭ ಹಕ್ಕಿ ಇದ್ದಳು. ನೆಲದ ಮೇಲೆಯೇ ಮೊಟ್ಟೆಯಿಡುವ ಹಕ್ಕಿ. ಯಾರ ಕಾಲು ಎಲ್ಲಿ ಬೀಳುತ್ತದೆ ಎಂದು ನೋಡುತ್ತಲೇ ಬದುಕಿದವಳು. ಒಂದು ಬೆಳಿಗ್ಗೆ ಅವಳು ಹೇಳಿದಳು:

"ಕೆಂಚ, ಮುಂದಿನ ಎಡಗಾಲನ್ನು ಹಗುರವಾಗಿ ಊರುತ್ತಿದ್ದೀಯಪ್ಪ. ಒಳಗೆ ಏನೋ ನೋವಿದೆ. ಈ ವರ್ಷ ಓಡಬೇಡ."

ಕೆಂಚ ಶೀನಪ್ಪನ ಮುಖ ನೋಡಿದ.

"ತಿಪ್ಪವ್ವ, ನೀವು ಹೇಳುವುದು ಅಂದಾಜು. ಪಟ್ಟಿ ಹೇಳುವುದು ಲೆಕ್ಕ," ಎಂದ ಶೀನಪ್ಪ. "ದೀಪ ಹಸಿರಿದೆ. ಈ ಪಟ್ಟಿ ತಪ್ಪು ಹೇಳಿದರೆ ನಾನು ಮತ್ತೆ ಯಾವ ಯಂತ್ರದ ಮಾತೂ ಆಡುವುದಿಲ್ಲ."

ಹಿಂಡಿನವರೆಲ್ಲ ತಿಪ್ಪವ್ವನನ್ನು ನೋಡಿ ನಕ್ಕರು. ಅವಳು ತನ್ನ ಮೊಟ್ಟೆಗಳ ಕಡೆ ನಡೆದಳು.

ಪಂದ್ಯಕ್ಕೆ ಎರಡು ದಿನವಿತ್ತು. ಕೆಂಚ ನೀರಿಗಿಳಿದು ಬರುವಾಗ ಪಟ್ಟಿ ಮುಳ್ಳಿನ ಪೊದೆಗೆ ಸಿಕ್ಕಿ ಕಾಲಿನಿಂದ ಜಾರಿಹೋಯಿತು. ಶೀನಪ್ಪ ಹುಡುಕುತ್ತಾ ಹೋದ. ಪಟ್ಟಿ ಒಂದು ಒಣ ಕೊಂಬೆಯನ್ನು ಸುತ್ತಿಕೊಂಡು ನೇತಾಡುತ್ತಿತ್ತು.

ಅದರ ದೀಪ ಹಸಿರಾಗಿ ಉರಿಯುತ್ತಿತ್ತು. ಎದೆಬಡಿತದ ಸಂಖ್ಯೆಯೂ ಮೂಡಿ ಮೂಡಿ ಬರುತ್ತಿತ್ತು.

ಶೀನಪ್ಪ ಬಹಳ ಹೊತ್ತು ನೋಡುತ್ತಾ ಕುಳಿತ. ಒಣ ಕೊಂಬೆಗೆ ಎದೆಯೆಲ್ಲಿ? ಪಟ್ಟಿ ಕೆಟ್ಟಿದೆ, ಯಾವತ್ತು ಕೆಟ್ಟಿತೋ ಯಾರಿಗೆ ಗೊತ್ತು. ತಿಪ್ಪವ್ವ ಹೇಳಿದ್ದು ನಿಜವಿರಬಹುದು.

ಹೋಗಿ ಹೇಳಬೇಕು ಎಂದುಕೊಂಡು ರೆಕ್ಕೆ ಬಿಚ್ಚಿದ. ಆಗ ಹಿಂಡಿನವರ ನಗು ನೆನಪಾಯಿತು. ನಾಳೆ ಅದೇ ನಗು ತನ್ನ ಕಡೆ ತಿರುಗುತ್ತದೆ. ಇಷ್ಟು ದಿನ ಆಡಿದ ಮಾತೆಲ್ಲ ನೀರುಪಾಲಾಗುತ್ತದೆ. 'ಕೆಂಚ ಎರಡು ವರ್ಷ ಗೆದ್ದವನು. ಇನ್ನೊಂದು ಸುತ್ತು ಓಡಲಾರನೇ?' ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ. ಪಟ್ಟಿಯನ್ನು ಕೊಕ್ಕಿನಲ್ಲಿ ಕಚ್ಚಿ ತಂದು ಕೆಂಚನಿಗೆ ಕೊಟ್ಟ. ಕೊಂಬೆಯ ವಿಷಯ ಹೇಳಲಿಲ್ಲ.

ಪಂದ್ಯದ ದಿನ ಎರಡೂ ದಡದವರು ಸೇರಿದರು. ಓಟ ಶುರುವಾಗುವ ಮುಂಚೆ ಕೆಂಚ ಶೀನಪ್ಪನನ್ನು ಪಕ್ಕಕ್ಕೆ ಕರೆದ.

"ಶೀನಣ್ಣ, ಎಡಗಾಲು ಸ್ವಲ್ಪ ಎಳೆಯುತ್ತಿದೆ. ಓಡಲೇ, ಬಿಡಲೇ? ನೀನು ಹೇಳಿದಂತೆ."

ಸುತ್ತ ಎಲ್ಲರೂ ಅವರನ್ನೇ ನೋಡುತ್ತಿದ್ದರು.

"ದೀಪ ಹಸಿರಿದೆಯಲ್ಲ," ಎಂದ ಶೀನಪ್ಪ.

ಕೆಂಚ ಓಡಿದ. ಕೆರೆ ಏರಿಯ ತನಕ ಅವನೇ ಮುಂದಿದ್ದ. ಏರಿ ಇಳಿಯುವ ಜಾಗದಲ್ಲಿ ಎಡಗಾಲು ಮಡಚಿಕೊಂಡು ಮುರಿಯಿತು. ಎರಡು ಸಲ ಉರುಳಿ ಬಿದ್ದ. ಏಳಲು ನೋಡಿದ, ಆಗಲಿಲ್ಲ. ಆಚೆ ದಡದ ಚಿಗರೆ ಅವನನ್ನು ದಾಟಿಕೊಂಡು ಹೋಯಿತು.

ಪ್ರಾಣ ಉಳಿಯಿತು. ಆದರೆ ಕಾಲು ಮುಂದೆ ಕೂಡಿಕೊಳ್ಳುವಾಗ ಸೊಟ್ಟಗೆ ಕೂಡಿಕೊಂಡಿತು.

ಇನ್ನು ಹಿಂಡಿನ ಮಾತು ಕೇಳಿ. ನಿನ್ನೆಯ ತನಕ ಅವನ ಹೆಸರು ಹಿಡಿದು ಕೂಗುತ್ತಿದ್ದವರೇ ಈಗ, "ದೀಪ ಹಸಿರಿತ್ತು, ಮೈಯಲ್ಲಿ ದೋಷವಿರಲಿಲ್ಲ. ಸೋಲುತ್ತೇನೆಂದು ಹೆದರಿದ, ಅದಕ್ಕೇ ಬಿದ್ದ," ಎನ್ನತೊಡಗಿದರು. ಕೆಂಚ ಇದನ್ನು ಎಂಟು ದಿನ ಕೇಳಿಸಿಕೊಂಡ.

ಒಂಬತ್ತನೆಯ ದಿನ ಮೆಲ್ಲಗೆ ಹೇಳಿದ: "ಅವರು ಅನ್ನುವುದು ನಿಜವಿರಬೇಕು, ಶೀನಣ್ಣ. ಯಂತ್ರ ಯಾಕೆ ಸುಳ್ಳು ಹೇಳುತ್ತದೆ? ನನ್ನ ಮನಸ್ಸಿನಲ್ಲೇ ಏನೋ ಅಳುಕು ಇದ್ದಿರಬೇಕು."

ಶೀನಪ್ಪನಿಗೆ ತಡೆಯಲಾಗಲಿಲ್ಲ. ಒಣ ಕೊಂಬೆಯ ಮೇಲೆ ಕಂಡ ಹಸಿರು ದೀಪದ ಸಂಗತಿಯನ್ನೆಲ್ಲ ಹೇಳಿಬಿಟ್ಟ. ಹೇಳಿ ತಲೆ ತಗ್ಗಿಸಿ ಕುಳಿತ.

ಕೆಂಚ ಬೈಯಲಿಲ್ಲ. ಇಷ್ಟೇ ಕೇಳಿದ:

"ಓಡುವ ಮುಂಚೆ ನಿನ್ನನ್ನು ಕೇಳಿದ್ದೆನಲ್ಲ?"

ಶೀನಪ್ಪ ಅಂದೇ ಹಿಂಡಿನ ಮುಂದೆ ಹೋಗಿ, "ಕೆಂಚ ಹೆದರಲಿಲ್ಲ. ಪಟ್ಟಿ ಕೆಟ್ಟಿತ್ತು. ಅದು ನನಗೆ ಗೊತ್ತಿತ್ತು," ಎಂದು ಹೇಳಿದ. ಯಾರೂ ನಗಲಿಲ್ಲ. ಕೆಲವರು ಕೆಂಚನ ಬಳಿ ಬಂದು ತಪ್ಪಾಯಿತು ಎಂದರು. ತಿಪ್ಪವ್ವ ಮಾತ್ರ ಕೆಂಚನ ಮುರಿದ ಕಾಲನ್ನು ನೋಡಿ ಶೀನಪ್ಪನಿಂದ ಮುಖ ತಿರುಗಿಸಿಕೊಂಡಳು.

ಬೇಸಿಗೆ ಬಂತು. ಹುಲ್ಲು ಮುಗಿಯಿತು. ಹಿಂಡು ದೂರದ ನದಿಯ ಕಡೆಗೆ ಹೊರಟಿತು. ಅಷ್ಟು ದೂರ ಕೆಂಚ ನಡೆಯಲಾರ. ಧೂಳು ಮರೆಯಾಗುವ ತನಕ ನೋಡುತ್ತಾ ನಿಂತ. ಶೀನಪ್ಪ ಅವನ ಪಕ್ಕದ ಕಲ್ಲಿನ ಮೇಲೆ ಬಂದು ಕುಳಿತ. ಕೆಂಚ ಅವನನ್ನು ಹೋಗು ಎನ್ನಲಿಲ್ಲ. ಏನಾದರೂ ಮಾತಾಡು ಎಂದೂ ಅನ್ನಲಿಲ್ಲ.

ನೀತಿ: ನಮ್ಮ ಅಭಿಪ್ರಾಯ ತಪ್ಪೆಂದು ತಿಳಿದ ಗಳಿಗೆಯಲ್ಲೇ ಅದನ್ನು ಬಾಯಿಬಿಟ್ಟು ಹೇಳಬೇಕು, ಮರ್ಯಾದೆಗೆ ಅಂಜಿ ತಡ ಮಾಡಿದರೆ ಅದರ ನೋವನ್ನು ನಮ್ಮನ್ನು ನಂಬಿದವರು ಉಣ್ಣಬೇಕಾಗುತ್ತದೆ.