ಶಾಲು ಹೊದಿಸಿ ಕಳಿಸಿದ್ದು

“ಗುರುಗಳೇ, ನಮ್ಮ ಕಾರ್ಖಾನೆಯಲ್ಲಿ ಆಳು ಕಡಿಮೆ ಮಾಡಬೇಕಾಗಿದೆ. ಯಾರ ಮನಸ್ಸೂ ನೋಯದಂತೆ ಕಳಿಸುವುದು ಹೇಗೆ?” ಎಂದು ಮರುಳಪ್ಪ ಕೇಳಿದ. ಅವನು ಮಠಕ್ಕೆ ಹಳೆಯ ಶಿಷ್ಯ, ಕಾರ್ಖಾನೆಗೆ ಹೊಸ ಅಧಿಕಾರಿ.

ಗುರುಗಳು ಒಂದು ಕತೆ ಹೇಳಿದರು.

ಲಾರಿಗಳಿಗೆ ಬ್ರೇಕು ತಯಾರಿಸುವ ಒಂದು ಕಾರ್ಖಾನೆ. ಕಾಲ ಕೆಟ್ಟಿತು, ಲಾರಿ ಕೊಳ್ಳುವವರೇ ಇಲ್ಲವಾದರು. ಒಬ್ಬ ಫಿಟ್ಟರನ್ನು ತೆಗೆಯುವುದೆಂದಾಯಿತು. ಮ್ಯಾನೇಜರದು ಬೆಣ್ಣೆಯಂಥ ಮನಸ್ಸು. ‘ಕೆಲಸವಿಲ್ಲ, ಹೋಗಪ್ಪಾ’ ಎಂದು ಮುಖ ನೋಡಿ ಹೇಳಲು ಅವನಿಗೆ ನಾಲಿಗೆಯೇ ಹೊರಳಲಿಲ್ಲ. ಅದಕ್ಕೆ ಬೀಳ್ಕೊಡುಗೆ ಸಮಾರಂಭ ಇಟ್ಟುಕೊಂಡ. ಹಾರ, ಹಣ್ಣಿನ ಬುಟ್ಟಿ, ಎಲ್ಲರಿಗೂ ಕೇಸರಿಬಾತು. ತನ್ನ ಕೆಲಸ ಹೋದದ್ದು ಫಿಟ್ಟರಿಗೆ ತಿಳಿದದ್ದೇ ಶಾಲು ಹೆಗಲಿಗೆ ಬಿದ್ದ ಮೇಲೆ.

ಮ್ಯಾನೇಜರು ಭಾಷಣಕ್ಕೆ ನಿಂತ. “ಇವರು ಈ ಕಾರ್ಖಾನೆಯ ಬೆನ್ನೆಲುಬು. ಇವರಿಲ್ಲದೆ ಇಲ್ಲಿ ಒಂದು ದಿನವೂ ಕೆಲಸ ಸಾಗದು” ಎಂದು ಗದ್ಗದಿತನಾದ. ಚಪ್ಪಾಳೆ ಬಿತ್ತು. ಫಿಟ್ಟರು ಎದ್ದು ಹಾರವನ್ನು ಗೋಡೆಯ ಮೊಳೆಗೆ ನೇತುಹಾಕಿದ, ಶಾಲನ್ನು ಸೊಂಟಕ್ಕೆ ಬಿಗಿದ, ಹೋಗಿ ಯಂತ್ರ ಚಾಲೂ ಮಾಡಿದ.

“ಏನಯ್ಯಾ ಇದು?” ಎಂದು ಮ್ಯಾನೇಜರು ಓಡಿಬಂದ.

“ನಾನಿಲ್ದೆ ಒಂದಿನಾನೂ ನಡೆಯಲ್ಲ ಅಂತ ನೀವೇ ಅಂದ್ರಲ್ಲ ಸ್ವಾಮಿ. ಇಂಥ ಕಷ್ಟದಲ್ಲಿ ಕೈಬಿಟ್ಟು ಹೋದ್ರೆ ದೇವ್ರು ಮೆಚ್ತಾನಾ?”

“ಅಯ್ಯೋ, ಅದು ಕಳಿಸುವಾಗ ಎಲ್ರಿಗೂ ಹೇಳೋ ಮಾತು ಕಣಯ್ಯಾ!”

ಅಂದದ್ದೇ ತಡ, ತಾನು ಎಂಥ ಮಾತಾಡಿದೆನೆಂದು ಮ್ಯಾನೇಜರಿಗೆ ಹೊಳೆಯಿತು. ಅಲ್ಲೇ ಸ್ಟೂಲಿನ ಮೇಲೆ ಕುಸಿದು ಗೊಳೋ ಎಂದು ಅಳತೊಡಗಿದ. ಕೇಸರಿಬಾತು ತಿನ್ನುತ್ತಿದ್ದವರಿಗೆ ನುಂಗಬೇಕೋ ಬಿಡಬೇಕೋ ತಿಳಿಯದಾಯಿತು. ಸಮಾಧಾನ ಹೇಳುವ ಕೆಲಸವೂ ಫಿಟ್ಟರನ ತಲೆಗೇ ಬಂತು. ಅವನು ಯಂತ್ರ ನಿಲ್ಲಿಸಿದ, ಸೊಂಟದ ಶಾಲು ಬಿಚ್ಚಿ ಮ್ಯಾನೇಜರನ ಕಣ್ಣೊರೆಸಿದ, ನೀರು ಕುಡಿಸಿದ.

“ಅಳ್ಬೇಡಿ ಸ್ವಾಮಿ. ನಿಮ್ಗೆ ಇಷ್ಟು ಸಂಕಟ ಆಗೋದಾದ್ರೆ ನಾನು ಹೋಗ್ತೀನಿ ಬಿಡಿ” ಎಂದು ಬುತ್ತಿಡಬ್ಬಿ ಹಿಡಿದು ಹೊರಟ. ಮನೆಯಲ್ಲಿ ಹೆಂಡತಿಗೆ ಏನು ಹೇಳುವುದೆಂದು ಅವನಿಗೆ ಗೇಟು ದಾಟಿದ ಮೇಲೂ ಹೊಳೆಯಲಿಲ್ಲ.

ಮರುಳಪ್ಪ ಸ್ಟೂಲಿನ ಪ್ರಸಂಗಕ್ಕೇ ಇನ್ನೂ ನಗುತ್ತಿದ್ದ. “ಅಂತೂ ಜಗಳವಿಲ್ಲದೆ, ಎಲ್ಲ ಸಮಾಧಾನವಾಗಿ ಮುಗಿಯಿತಲ್ಲ, ಗುರುಗಳೇ!” ಎಂದ.

“ಸಮಾಧಾನವಾದದ್ದು ಮ್ಯಾನೇಜರಿಗೆ, ಮರುಳಪ್ಪ, ಕೆಲಸ ಹೋದದ್ದು ಫಿಟ್ಟರಿಗೆ” ಎಂದರು ಗುರುಗಳು.