ಬಿಸಿಲಿನ ರೀಲು

ಹೊಂಬಮ್ಮ ಯಾರನ್ನೂ ನಂಬುತ್ತಿರಲಿಲ್ಲ. ಮಗ ಚನ್ನಿಗ ಯಾರು ಏನು ಹೇಳಿದರೂ ನಂಬುತ್ತಿದ್ದ. ಅವಳ ಗೋಳು ಅದೇ.

ಹಾಡಹಗಲೇ ಗೂಡಿನ ಕೋಳಿಗಳು ಒಂದೊಂದಾಗಿ ಕಾಣೆಯಾದವು. ಪಕ್ಕದ ಮನೆ ದ್ಯಾವಣ್ಣನದೇ ಕೆಲಸ ಎಂದಳು ಹೊಂಬಮ್ಮ. ದ್ಯಾವಣ್ಣ ಪಂಚಾಯ್ತಿ ಸೇರಿಸಿದ. ಪಟೇಲರು ಹೇಳಿದರು: "ಅಮಾವಾಸ್ಯೆಯೊಳಗೆ ಪುರಾವೆ ತಾ. ಇಲ್ಲವೋ, ಎಲ್ಲರೆದುರು ಅವನ ಕಾಲು ಹಿಡಿ."

ಅವಳ ತಮ್ಮ ಬಿಟ್ಟುಹೋದ ಕ್ಯಾಮೆರಾ ಮನೆಯಲ್ಲಿತ್ತು. ಗುಂಡಿ ಒತ್ತಿದರೆ ಮುಗಿಯಿತು, ಉಳಿದದ್ದು ಅದೇ ನೋಡಿಕೊಳ್ಳುತ್ತದೆ. ರೀಲು ಮಾತ್ರ ಇರಲಿಲ್ಲ.

"ಪೇಟೆಯಿಂದ ರೀಲು ತಾ. ಅಂಗಡಿಯವನು ಖಾಲಿ ಡಬ್ಬಿ ಕೊಟ್ಟಾನು. ಬಿಚ್ಚಿ ನೋಡದೆ ತರಬೇಡ."

ಚನ್ನಿಗ ಬಿಚ್ಚಿ ನೋಡಿದ. ಅಂಗಡಿ ಮುಂದಿನ ಬಿಸಿಲಲ್ಲಿ ರೀಲನ್ನು ಕೊನೆತನಕ ಎಳೆದ. ಕೊರಳಿಗೆ ಸುತ್ತಿಕೊಂಡು ಮನೆಗೆ ಬಂದ.

"ಖಾಲಿಯಿಲ್ಲ ಕಣವ್ವ. ಬೇಕಾದಷ್ಟು ಉದ್ದ ಇದೆ."

"ಅಯ್ಯೋ ಪೆದ್ದೇ, ಕೆಡಿಸಿದೆಯಲ್ಲೋ. ರೀಲಿಗೆ ಬೆಳಕು ಸೋಕಬಾರದು. ತಿಳೀತಾ?"

"ತಿಳೀತು."

ಇನ್ನೊಂದು ರೀಲು ಬಂತು. ಅಂಗಡಿಯವನೇ ಹಾಕಿಕೊಟ್ಟ. ಚನ್ನಿಗ ಗೂಡಿನ ಬಳಿ ಕೂತ. ಕಂಬಳಿ ಹೊದ್ದ, ಕ್ಯಾಮೆರಾವನ್ನೂ ಕಂಬಳಿಯೊಳಗೆ ಎಳೆದುಕೊಂಡ. ಕೋಳಿ ಕೂಗಿತು. ಒತ್ತಿದ. ಮತ್ತೆ ಕೂಗಿತು. ಮತ್ತೆ ಒತ್ತಿದ. ತೊಳೆಸಿದರೆ ಎಲ್ಲ ಕಪ್ಪು.

"ಕಳ್ಳನ ಮುಖ ಎಲ್ಲೋ?"

"ಬೆಳಕು ಸೋಕಬಾರದು ಅಂದೆಯಲ್ಲ. ಒಂದು ಚೂರೂ ಸೋಕಿಸಲಿಲ್ಲ."

ಹೊಂಬಮ್ಮ ಹಣೆ ಚಚ್ಚಿಕೊಂಡು ತಾನೇ ಪೇಟೆಗೆ ಹೋದಳು.

"ಬಿಸಿಲಿಗೆ ನೂರು ನಂಬರಿನ ರೀಲು, ನೆರಳಿಗೆ ನಾನೂರರದು" ಎಂದ ಅಂಗಡಿಯವನು. "ಈ ಕ್ಯಾಮೆರಾದಲ್ಲಿ ತಿರುಗಿಸೋಕೆ ಏನೂ ಇಲ್ಲ ತಾಯಿ. ರೀಲೇ ನೋಡಿ ಹಾಕಬೇಕು. ಗೂಡು ಎಲ್ಲಿದೆ?"

"ಹಲಸಿನ ಮರದ ಕೆಳಗೆ."

"ಹಂಗಾದ್ರೆ ನಾನೂರರದು ತಗೊಳ್ಳಿ."

ಬೆಲೆ ಜಾಸ್ತಿಯದನ್ನೇ ಅಂಟಿಸುತ್ತಾನೆ ಎಂದು ಅವಳಿಗೆ ಅನುಮಾನ. ನೂರರದನ್ನೇ ಹಾಕಿಸಿಕೊಂಡು ಬಂದಳು.

"ಇದು ಬಿಸಿಲಿನ ರೀಲು ಕಣೋ. ನೆರಳಲ್ಲಿ ಒತ್ತಬೇಡ. ಕೋಳಿ ಹಿಡಿದವನು ಬಿಸಿಲಲ್ಲಿರಬೇಕು, ಮುಖ ಕಾಣಬೇಕು. ತಿಳೀತಾ?"

"ತಿಳೀತು."

ಕಳ್ಳ ಬಂದ. ಕೋಳಿ ಹಿಡಿದು ನೆರಳಲ್ಲಿ ನಿಂತಿದ್ದ.

"ಅಣ್ಣಾ, ಸ್ವಲ್ಪ ಬಿಸಿಲಿಗೆ ಬಾ. ಕೋಳಿ ಹಿಡಿದವನ ಫೋಟೊ ಬಿಸಿಲಲ್ಲೇ ತೆಗೀಬೇಕಂತೆ."

ಕಳ್ಳ ಅವನನ್ನು ನೋಡಿದ. ಕ್ಯಾಮೆರಾ ನೋಡಿದ.

"ನಂಗೆ ಬಿಸಿಲು ಆಗಲ್ಲ ಕಣೋ, ತಲೆ ಸುತ್ತುತ್ತೆ. ನೀನೇ ಕೋಳಿ ಹಿಡ್ಕೊಂಡು ಬಿಸಿಲಲ್ಲಿ ನಿಲ್ಲು. ಗುಂಡಿ ನಾನು ಒತ್ತುತೀನಿ."

ಚನ್ನಿಗನಿಗೆ ಅದು ಸರಿಯೆನಿಸಿತು. ಕಳ್ಳ ಒತ್ತಿದ. ಕ್ಯಾಮೆರಾ ವಾಪಸು ಕೊಟ್ಟ. ಕೋಳಿ ವಾಪಸು ತಗೊಂಡ.

"ಕೋಳಿ ಹಿಡಿದವನು ಬಂದನೇನೋ ಫೋಟೊದಲ್ಲಿ?"

"ಬಿಸಿಲಲ್ಲೇ ಅವ್ವ. ಮುಖ ಚೆನ್ನಾಗಿ ಬಂದಿರುತ್ತೆ."

ತೊಳೆಸಿದ ಫೋಟೊವನ್ನು ಯಾರಾದರೂ ಬದಲಿಸಿಯಾರು ಎಂದು ಹೊಂಬಮ್ಮ ಲಕೋಟೆ ಒಡೆಯಲೇ ಇಲ್ಲ. ನೇರ ಪಂಚಾಯ್ತಿಗೆ ಹೋಗಿ ಪಟೇಲರ ಕೈಗೇ ಕೊಟ್ಟಳು.

ಪಟೇಲರು ಒಡೆದು ನೋಡಿದರು. ಕಂಕುಳಲ್ಲಿ ಕೋಳಿ ಇಟ್ಟುಕೊಂಡು ಚನ್ನಿಗ ಹಲ್ಲು ಕಿರಿದಿದ್ದ.

"ಕಳ್ಳ ನಿನ್ನ ಮನೆಯಲ್ಲೇ ಇದ್ದಾನಲ್ಲಮ್ಮ. ಹಿಡಿ ಕಾಲು."

ದ್ಯಾವಣ್ಣ ಕಾಲು ಮುಂದೆ ಚಾಚಿದ. ಹೊಂಬಮ್ಮ ಬಾಗಿ ಹಿಡಿದಳು.

ಚನ್ನಿಗ ಪಟೇಲರ ಕೈಯಿಂದ ಫೋಟೊ ತಗೊಂಡು ದ್ಯಾವಣ್ಣನ ಮುಂದೆ ಹಿಡಿದ.

"ಎಷ್ಟು ಚೆನ್ನಾಗಿ ತೆಗ್ದಿದ್ದೀಯ ದ್ಯಾವಣ್ಣ. ನಿಂಗೂ ಒಂದು ಕಾಪಿ ಹಾಕಿಸ್ಲಾ?"

ಪಟೇಲರು ತಲೆಯೆತ್ತಿದರು. ದ್ಯಾವಣ್ಣ ಚಾಚಿದ್ದ ಕಾಲು ಮಡಿಸಿ ಚಪ್ಪಲಿ ಹುಡುಕತೊಡಗಿದ.