ಕೊನೆಯವರ ಜೀಪು

ಮ್ಯಾರಥಾನ್ ಓಡುವವರೆಲ್ಲ ಓಡಿ ಮುಗಿಸಿ ಇಡ್ಲಿ ತಿನ್ನುತ್ತಿದ್ದರು. ಇಂದುಮತಿ ಇನ್ನೂ ನಡೆಯುತ್ತಲೇ ಇದ್ದಳು. ನಲವತ್ತು ಕಿಲೋಮೀಟರ್ ನಡೆದಾಗಿತ್ತು, ಇನ್ನು ಬರೀ ಎರಡು! ಕಾಲು ನೋಯುತ್ತಿದ್ದರೂ ಮನಸ್ಸು ಕುಣಿಯುತ್ತಿತ್ತು.

ಹಿಂದಿನಿಂದ ಜೀಪು ಬಂತು. ಒಳಗೆ ಸಂಘಟನಾ ಸಮಿತಿಯ ಅಧ್ಯಕ್ಷ ವಿರೂಪಾಕ್ಷಯ್ಯ ಜರಿಪೇಟ ಸುತ್ತಿಕೊಂಡು ಕೂತಿದ್ದರು.

"ಸಾಕಮ್ಮ, ಹತ್ತು. ಎಲ್ಲರಿಗಿಂತ ಹಿಂದೆ ಇರೋರನ್ನ ಜೀಪಿಗೆ ಹತ್ತಿಸ್ಕೊಳ್ಳೋದು ನನ್ನ ರೂಲು. ನಡೆಯೋದೂ ಒಂದು ಸಾಹಸಾನಾ?"

"ಹಾಗಾದ್ರೆ ಆ ತಿರುವಿನವರೆಗೆ ನನ್ನ ಜೊತೆ ನಡೀರಿ ಸಾರ್. ನೀವು ಮುಂದಾದ್ರೆ ಹತ್ತುತ್ತೀನಿ," ಅಂದಳು ಇಂದುಮತಿ.

ಅಧ್ಯಕ್ಷರು ನಗುತ್ತಾ ಇಳಿದರು. ನಾಲ್ಕು ಹೆಜ್ಜೆ ಮುಂದೂ ಆದರು. ಅಷ್ಟರಲ್ಲಿ ರಸ್ತೆ ಬದಿಯಲ್ಲಿ ನಿಂತ ಜನ ಕಂಡರು. ಇಂದುಮತಿ ಗಂಟಲು ಹರಿಯುವಂತೆ ಕೂಗಿದಳು:

"ನೋಡ್ರಪ್ಪಾ! ಹಿಂದೆ ಬಿದ್ದೋರಿಗೆ ಜೊತೆಯಾಗಿ ಅಧ್ಯಕ್ಷರೇ ಕೊನೇವರೆಗೂ ನಡೀತಾರಂತೆ!"

ಚಪ್ಪಾಳೆಯೋ ಚಪ್ಪಾಳೆ! ಮೊಬೈಲುಗಳು ಮೇಲೆದ್ದವು. ಅಧ್ಯಕ್ಷರು ಪೇಟ ಸರಿ ಮಾಡಿಕೊಂಡು ಕೈ ಬೀಸಿದರು. ಇಷ್ಟು ಜನರೆದುರು ಇನ್ನು ಜೀಪು ಹತ್ತುವುದು ಹೇಗೆ? ತಿರುವು ಬಂತು, ಹೋಯಿತು, ಪಂಥದ ಮಾತನ್ನು ಅವರೂ ಎತ್ತಲಿಲ್ಲ. ಹೊಸ ಬೂಟು ಕಚ್ಚತೊಡಗಿತು. ಪೇಟ ತಲೆಯಿಂದ ಕಂಕುಳಿಗೆ ಇಳಿಯಿತು. ಜನ ಮಾತ್ರ ಮುಗಿಯಲೊಲ್ಲರು.

ಇಂದುಮತಿ ಎರಡೂ ಕೈ ಮೇಲೆತ್ತಿ ಗೆರೆ ದಾಟಿದಳು. ಮೆಡಲು ಕೊರಳಿಗೆ ಬಿತ್ತು. ತಿರುಗಿ ನೋಡಿದರೆ ಅಧ್ಯಕ್ಷರು ಇನ್ನೂ ದೂರದಲ್ಲಿ ಕುಂಟುತ್ತಿದ್ದರು. ಅವರ ಪಕ್ಕದಲ್ಲೇ ಜೀಪು ಬಂದು ನಿಂತಿತು. ಡ್ರೈವರ್ ಬಾಗಿಲು ತೆಗೆದ.

"ಹತ್ತಿ ಸಾರ್. ನಿಮ್ಮದೇ ರೂಲು."